ಬೋರಣ್ಣ ಅಂದು ಕುಡಿದಿರಲಿಲ್ಲ

ಬೋರಣ್ಣ, ಆ ದಿನ ನೀನು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಕೇಳಿದವರಿಗೆ "ಗೊತ್ತಿಲ್ಲ" ಎಂದೆ — ಹದಿನಾಲ್ಕು ವರ್ಷ ಆ ಒಂದು ಮಾತಿನ ಹಿಂದೆ ಅಡಗಿ ಕೂತೆ.

ಆಗ ನಾನು ಶಿಂಷಾ ಹೊಳೆಯ ಆಚೆ ದಡದ ಶಾಲೆಯಲ್ಲಿ ಟೀಚರು. ಮದ್ದೂರಿನಿಂದ ಬಸ್ಸಿನಲ್ಲಿ ಬಂದು ನಿನ್ನ ತೆಪ್ಪದಲ್ಲಿ ಹೊಳೆ ದಾಟುತ್ತಿದ್ದೆ. ನಾವು ದಾಟುವ ಕಡವಿಗಿಂತ ಸ್ವಲ್ಪ ಕೆಳಗೆ ಕಾಲುವೆಗೆ ನೀರು ತಿರುಗಿಸುವ ಒಡ್ಡು. ಆಳೆತ್ತರವೂ ಇಲ್ಲದ ಕಲ್ಲುಕಟ್ಟೆ. ಮೇಲಿನಿಂದ ನೋಡಿದರೆ ಅಲ್ಲಿ ನೀರು ಕೆಳಕ್ಕೆ ಬೀಳುತ್ತದೆಂದೇ ತಿಳಿಯುತ್ತಿರಲಿಲ್ಲ. ಅದಕ್ಕೇ ನೀನು ದಿನವೂ ತೆಪ್ಪವನ್ನು ಬೆನ್ನ ಮೇಲೆ ಕವುಚಿಕೊಂಡು ದಡದಗುಂಟ ಮೇಲಕ್ಕೆ ನಡೆದು, ಹೊಂಗೆಮರದ ಬಳಿ ನೀರಿಗೆ ಇಳಿಸುತ್ತಿದ್ದೆ. ಸೆಳೆತ ಎಷ್ಟೇ ಕೆಳಕ್ಕೆ ಒಯ್ದರೂ ಒಡ್ಡಿಗಿಂತ ಮೊದಲೇ ಆಚೆ ದಡ ಸಿಗಬೇಕಲ್ಲ. ಆ ನಡಿಗೆಗೆ ಎಲ್ಲರೂ ಗೊಣಗುತ್ತಿದ್ದರು, ನಾನು ಎಲ್ಲರಿಗಿಂತ ಹೆಚ್ಚು. ಸೀರೆಗೆ ಮುಳ್ಳು, ಚಪ್ಪಲಿಗೆ ಕೆಸರು — ಅದೇ ನನಗೆ ದೊಡ್ಡ ಕಷ್ಟ.

ಆ ದಿನ ಶಾಲೆಯಲ್ಲಿ ಇನ್‌ಸ್ಪೆಕ್ಷನ್. ಬಸ್ಸು ತಡವಾಗಿತ್ತು. ಕಡವಿನಲ್ಲಿ ವೀಳ್ಯದೆಲೆ ಮಾರುವ ಪುಟ್ಟತಾಯಮ್ಮ ಒಬ್ಬಳೇ ಇದ್ದಳು. ಇವತ್ತೊಂದು ದಿನ ಇಲ್ಲಿಂದಲೇ ಬಿಡು ಎಂದೆ.

"ಬ್ಯಾಡಿ ಮೇಡಮ್ಮೋರೆ," ಎಂದೆ ನೀನು. "ಮ್ಯಾಲೆ ಸುಮ್ಕಿದ್ದಂಗೆ ಕಾಣ್ತದೆ, ಒಳಗೊಳಗೇ ಎಳೀತದೆ."

ನಾನು ನಕ್ಕೆ. ತಪ್ಪು ಲೆಕ್ಕ ಮಾಡಿದ ಮಕ್ಕಳೆದುರು ನಗುತ್ತಿದ್ದ ಹಾಗೆ. "ಇಷ್ಟಗಲ ನೀರಿಗೆ ಹೆದರ್ತೀಯಲ್ಲ ಬೋರಣ್ಣ! ಕೈಲಾಗದಿದ್ರೆ ಹೇಳು, ಬೇರೆಯವರನ್ನ ಕರೀತೀನಿ." ಪುಟ್ಟತಾಯಮ್ಮನೂ ನಕ್ಕಳು. ನಿನ್ನ ಮುಖ ಬಿಗಿಯಿತು. ತೆಪ್ಪವನ್ನು ಅಲ್ಲೇ ನೀರಿಗೆ ಹಾಕಿದೆ.

ನಡುಹೊಳೆಗೆ ಹೋದ ತೆಪ್ಪ ಅಡ್ಡ ಸಾಗದೆ ಕೆಳಕ್ಕೇ ಹೊರಟಿತು. ನೀನು ಹುಟ್ಟು ಹಾಕಿದೆ, ಹಾಕಿದೆ — ಕತ್ತಿನ ನರ ಉಬ್ಬಿದ್ದು ಇನ್ನೂ ಕಣ್ಣಲ್ಲಿದೆ. ಹೇಗೋ ಒಡ್ಡಿನ ತುದಿಯ ಜೊಂಡಿಗೆ ತಾಗಿಸಿ, "ಇಡ್ಕಳಿ, ಇಬ್ರೂ ಇಡ್ಕಳಿ!" ಎಂದು ಕೂಗಿದೆ. ನಾನು ಜೊಂಡು ಹಿಡಿದು ದಡಕ್ಕೆ ನೆಗೆದೆ. ನೆಗೆದ ರಭಸಕ್ಕೆ ತೆಪ್ಪ ಹಿಂದೆ ಸರಿಯಿತು. ಪುಟ್ಟತಾಯಮ್ಮನ ಕೈಗೆ ಜೊಂಡು ಎಟುಕಲಿಲ್ಲ... ನೀವಿಬ್ಬರೂ ಒಡ್ಡಿನಾಚೆ ಬಿದ್ದಿರಿ. ನಿನ್ನನ್ನು ನೀರು ಪಕ್ಕದ ಬಂಡೆಗೆ ಎಸೆಯಿತು. ಒಡ್ಡಿನ ಬುಡದಲ್ಲಿ ನೀರು ಮುಂದೆ ಹೋಗದೆ ಮಗುಚಿ ಮಗುಚಿ ಹಿಂದಕ್ಕೇ ಬರುತ್ತದೆ, ಬಿದ್ದದ್ದನ್ನು ಅಲ್ಲೇ ತಿರುಗಿಸುತ್ತದೆ. ಅವಳನ್ನು ಹೊರಗೆ ತೆಗೆಯುವಾಗ ಮಧ್ಯಾಹ್ನವಾಗಿತ್ತು.

ದಡದಲ್ಲಿ ಯಾರೋ ಕೇಳಿದರು: "ಕುಡ್ದಿದ್ನಾ ಮೇಡಮ್ಮೋರೆ? ಬುದ್ಧಿ ಇರೋನು ಇಲ್ಲಿಂದ ಬುಡ್ತಾನಾ?" ಒದ್ದೆ ಬಟ್ಟೆಯಲ್ಲಿ ನಡುಗುತ್ತ ನೀನು ನನ್ನನ್ನೇ ನೋಡುತ್ತಿದ್ದೆ. ಗೊತ್ತಿಲ್ಲ, ಎಂದೆ. ಟೀಚರು ಹಾಗೆಂದರೆ ಊರಿನವರು ಏನು ತಿಳಿದಾರು? ಪಾಪ, ದೊಡ್ಡ ಮನಸ್ಸು ಮಾಡಿ ಮುಚ್ಚಿಡುತ್ತಿದ್ದಾರೆ ಎಂದುಕೊಂಡರು. ನಾನು ಆಡಿದ್ದನ್ನು ನೀನು ಯಾರಿಗೂ ಹೇಳಲಿಲ್ಲ. ಹುಟ್ಟು ಬಿಟ್ಟು ಕಬ್ಬು ಕಡಿಯುವ ಕೂಲಿಗೆ ಹೋದೆ. ಪುಟ್ಟತಾಯಮ್ಮನ ಮಗಳು ಗೌರಿ ನಿನ್ನನ್ನು ಕಂಡರೆ ಉಗಿಯುತ್ತಾಳೆ, ನನ್ನನ್ನು ಕಂಡರೆ ಎದ್ದು ಕೈಮುಗಿಯುತ್ತಾಳೆ. ಆ ಕೈಮುಗಿತವನ್ನು ನಾನು ತೆಗೆದುಕೊಳ್ಳುತ್ತಲೇ ಬಂದಿದ್ದೇನೆ. ನಾಚಿಕೆಯಾಗುತ್ತದೆ ಬೋರಣ್ಣ.

ನಿನ್ನೆ ಪಂಚಾಯಿತಿಯವರು ಬಂದಿದ್ದರು. ಸೇತುವೆ ಆದಮೇಲೂ ರಜಾ ದಿನ ಜನ ಮೋಜಿಗೆಂದು ತೆಪ್ಪ ತಂದು ಒಡ್ಡಿನ ಹತ್ತಿರ ಆಡುತ್ತಾರಂತೆ; ಎಚ್ಚರಿಕೆಯ ಬೋರ್ಡಿಗೆ ಒಕ್ಕಣೆ ಬರೆದುಕೊಡಿ ಎಂದರು. ಒಡ್ಡಿನ ಮೇಲ್ಗಡೆ ತೆಪ್ಪ ಇಳಿಸಬೇಡಿ, ನೀರು ಶಾಂತವಾಗಿ ಕಂಡರೂ ನಂಬಬೇಡಿ ಎಂದೆಲ್ಲ ಬರೆದೆ. ಅವರು ಹೇಳಿದರು: "ಕುಡಿದು ತೆಪ್ಪ ನಡೆಸಬ್ಯಾಡಿ ಅಂತ ಮೊದ್ಲು ಬರೀರಿ. ಬೋರಣ್ಣನ ಕತೆ ನಿಮ್ಗೇ ಗೊತ್ತಲ್ಲ."

ಪೆನ್ನು ಮುಂದೆ ಹೋಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ — ನಾಡಿದ್ದು ಬನ್ನಿ ಎಂದು ಕಳಿಸಿದೆ.

ಆ ದಿನ ಗಾಬರಿಯಲ್ಲಿದ್ದೆ, ಕೆಲಸ ಹೋದೀತೆಂದು ಹೆದರಿದೆ... ಇರಲಿ, ಅದೊಂದನ್ನೂ ಹೇಳಲಾರೆ. ಕ್ಷಮಿಸು ಎಂದೂ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ನಿನ್ನ ಜಗಲಿಯಲ್ಲಿ ಕೂತು ಈ ಕಾಗದವನ್ನು ನಾನೇ ಓದಿ ಹೇಳುತ್ತೇನೆ. ಅಲ್ಲಿಂದ ನೇರವಾಗಿ ಗೌರಿಯ ಮನೆಗೆ. ಅವಳು ಎದ್ದು ಕೈಮುಗಿಯುವ ಮೊದಲೇ ಹೇಳಿಬಿಡಬೇಕು.