ಚಲುವರಾಜಣ್ಣ ಓದಿದ ಕಲ್ಲು

ಮದ್ದೂರಿನ ಬಾಡಿಗೆ ಅಂಗಡಿಯಿಂದ ತಂದದ್ದು ಒಂದೇ ಪೇಟ. ಸನ್ಮಾನಕ್ಕೆ ಕರೆಸಿದ್ದ ತಲೆಗಳು ಏಳು. ಹೋದ ವರ್ಷ ಆಗಸ್ಟ್ ಹದಿನೈದರಂದು ನಮ್ಮೂರಿನ ಶಾಲೆಯ ಅಂಗಳದಲ್ಲಿ ಮಾಜಿ ಸೈನಿಕರಿಗೆ ಗೌರವ ಸಲ್ಲಿಸಿದ್ದು ಹೀಗೆ. ಒಬ್ಬರ ತಲೆಗೆ ಪೇಟ ಇಡುವುದು, ಫೋಟೋ ಹೊಡೆಯುವುದು, ಅದನ್ನೇ ತೆಗೆದು ಪಕ್ಕದವರ ತಲೆಗೆ ಇಡುವುದು. ಹೂವಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದವಳು ನಾನು, ಭಾಗ್ಯಲಕ್ಷ್ಮಿ, ಈ ಊರಿನ ಅಂಗನವಾಡಿ ಟೀಚರ್. ಊರಿನಲ್ಲಿ ಏನೇ ನಡೆದರೂ ರಂಗೋಲಿ ಬಿಡುವುದು, ತಟ್ಟೆ ಹಿಡಿಯುವುದು ನನ್ನ ಪಾಲಿಗೇ. ಸರ್ಕಾರ ಅದನ್ನು ನನ್ನ ಕೆಲಸದ ಪಟ್ಟಿಯಲ್ಲಿ ಬರೆದಿಲ್ಲ, ಊರಿನವರು ತಾವೇ ಸೇರಿಸಿಕೊಂಡಿದ್ದಾರೆ.

ನಾಲ್ಕನೆಯ ತಲೆ ಚಲುವರಾಜಣ್ಣನದು. ಅಷ್ಟು ಹೊತ್ತಿಗೆ ಪೇಟ ಮೂವರ ಬೆವರು ಕುಡಿದು ಒದ್ದೆಯಾಗಿತ್ತು. ಅವನು ಮುಖ ಕೂಡ ಸಿಂಡರಿಸಲಿಲ್ಲ. ಅವನ ಕಣ್ಣೆಲ್ಲ ರಸ್ತೆಯ ಆಚೆ, ಹೊಸ ಬಸ್ ತಂಗುದಾಣದ ಗೋಡೆಯ ಮೇಲಿತ್ತು. ಅಲ್ಲಿ ಒಂದು ಕಲ್ಲಿಗೆ ಬಟ್ಟೆ ಮುಚ್ಚಿದ್ದರು.

ಇಪ್ಪತ್ತೆರಡು ವರ್ಷದಿಂದ ಅವನು ಆ ಕಲ್ಲಿಗಾಗಿ ಕಾದಿದ್ದ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಚಲುವರಾಜಣ್ಣ, ಮಹದೇವು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹತ್ತನೇ ಕ್ಲಾಸು ಮುಗಿಸಿದವರು. ಮಂಡ್ಯದಲ್ಲಿ ಸೈನ್ಯಕ್ಕೆ ಆಳು ತೆಗೆದುಕೊಂಡಾಗ ಒಂದೇ ದಿನ ಓಡಿ, ಒಂದೇ ದಿನ ಆಯ್ಕೆಯಾದರು. ಮಹದೇವು ದೊಡ್ಡತಾಯಮ್ಮನಿಗೆ ಒಬ್ಬನೇ ಮಗ. ಗಂಡ ಹೋದ ಮೇಲೆ ಅವಳು ರೇಷ್ಮೆ ಹುಳು ಸಾಕಿ ಅವನನ್ನು ಓದಿಸಿದ್ದಳು. ಮದುವೆ ಮಾಡೋಣ ಎಂದು ಹೆಣ್ಣು ನೋಡುತ್ತಿದ್ದ ಕಾಲದಲ್ಲೇ, ಗಡಿಯ ಹಿಮದಲ್ಲಿ ಅವನು ಮಲಗಿದ್ದ ಡೇರೆಯ ಮೇಲೆ ಮಂಜಿನ ಗುಡ್ಡ ಕುಸಿಯಿತು. ಎರಡು ದಿನ ಅಗೆದು ಅವನ ಹೆಣ ತೆಗೆದವರಲ್ಲಿ ಚಲುವರಾಜಣ್ಣನೂ ಒಬ್ಬ. ಆ ಎರಡು ದಿನದ ಚಳಿಗೆ ಅವನ ಎಡಗಾಲಿನ ಮೂರು ಬೆರಳು ಹೋದವು. ಈಗಲೂ ಗದ್ದೆ ಬದುವಿನ ಮೇಲೆ ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಾನೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ಊರಿಗೆ ಬಂದು ಮೊದಲು ಹೋದದ್ದು ದೊಡ್ಡತಾಯಮ್ಮನ ಮನೆಗೆ. ಅವಳು ಮೊದಲು ವಿಚಾರಿಸಿದ್ದು ಅವನ ಕಾಲಿನ ಬಗ್ಗೆ. ಆಮೇಲೆ ಹೇಳಿದಳು: "ಅವನ್ಗೆ ಎಂಡ್ರಿಲ್ಲ, ಮಕ್ಳಿಲ್ಲ. ನಾನ್ ಸತ್ತ ದಿನ ನನ್ ಮಗನ ಎಸ್ರೂ ಮಣ್ಣಾಯ್ತದೆ ಕಣ್ಲಾ ಚಲ್ವ."

"ಇಲ್ಲ ಕಣವ್ವ. ಊರ್ಗ್ ಬರೋರೆಲ್ಲ ಅವನ್ ಎಸ್ರು ಓದ್ಕಂಡು ಬರಂಗ್ ಮಾಡ್ತೀನಿ. ನೀನ್ ಇರೋವಾಗ್ಲೇ ಮಾಡ್ತೀನಿ."

ಕೊಟ್ಟ ಮಾತು ಅದೊಂದೇ. ಅದಕ್ಕಾಗಿ ಅವನು ಬರೆದ ಅರ್ಜಿಗಳನ್ನು ನಾನೇ ನೋಡಿದ್ದೇನೆ, ಅರ್ಧದಷ್ಟು ನಾನೇ ಬರೆದುಕೊಟ್ಟಿದ್ದೇನೆ. ಮೊದಲ ಅರ್ಜಿ ಕೊಟ್ಟಾಗ ಪಂಚಾಯ್ತಿಗೆ ಕೆಂಪರಾಜು ಅಧ್ಯಕ್ಷ. "ಮಾಡ್ಸಣ ಬುಡಪ್ಪ" ಎಂದು ಅದನ್ನು ಮೂರು ವರ್ಷ ಮೇಜಿನ ಮೇಲಿಟ್ಟುಕೊಂಡ. ಆಮೇಲೆ ಬಂದವರೂ ಮೂಗಿಗೆ ತುಪ್ಪ ಸವರಿದರು. ಚಲುವರಾಜಣ್ಣ ಮಾತ್ರ ಬಿಡಲಿಲ್ಲ. "ಸಿವಪುರದೋರು ಸ್ವಾತಂತ್ರ್ಯದ್ ಓರಾಟದಲ್ಲಿ ಬಾವುಟ ಆರ್ಸಿದ್ದ ಮರೀದಂಗೆ ಸೌಧ ಕಟ್ಕಂಡವ್ರೆ. ನಾವು ಒಂದ್ ಎಸ್ರು ಬರ್ಸಕಾಗಲ್ವಾ?" ಎನ್ನುತ್ತಿದ್ದ.

ಕೊನೆಗೆ ಅಪ್ಪಾಜಿ ಪಂಚಾಯ್ತಿಗೆ ನಿಂತ. ಅಪ್ಪಾಜಿ ಚಲುವರಾಜಣ್ಣನ ಅಕ್ಕನ ಮಗ, ಅವನ ಮನೆಯಲ್ಲೇ ಉಂಡು ಬೆಳೆದವನು. "ಮಾವ, ನಾನ್ ಗೆದ್ರೆ ಬಸ್‌ಸ್ಟ್ಯಾಂಡ್ ಮಾಡ್ಸಿ ಮಹದೇವು ಮಾವನ ಎಸ್ರೇ ಇಡ್ತೀನಿ" ಎಂದ. ಆವತ್ತಿನವರೆಗೆ ಚಲುವರಾಜಣ್ಣ ಊರಿನಲ್ಲಿ ಮೆಡಲು ಹಾಕಿಕೊಂಡು ಓಡಾಡಿದವನಲ್ಲ. ಟ್ರಂಕಿನಲ್ಲಿದ್ದ ಮೆಡಲುಗಳನ್ನು ತೆಗೆದು, ಉಜ್ಜಿ, ಎದೆಗೆ ಸಿಕ್ಕಿಸಿಕೊಂಡು, ಆ ಮೂರು ಬೆರಳಿಲ್ಲದ ಕಾಲಿನಲ್ಲಿ ಮನೆ ಮನೆ ಹತ್ತಿ ಇಳಿದ. ನಮ್ಮ ಮನೆಗೂ ಬಂದಿದ್ದ. ಸೈನ್ಯದಲ್ಲಿ ಗಳಿಸಿದ ಮೆಡಲಿನಲ್ಲಿ ಪಂಚಾಯ್ತಿ ವೋಟು ಕೇಳುತ್ತೀಯಲ್ಲ ಎಂದು ನಾನು ಛೇಡಿಸಿದೆ. "ಇದು ಮಹದೇವುಗಾಗಿ ಕಣಮ್ಮ" ಎಂದ. ಅಪ್ಪಾಜಿ ಗೆದ್ದ, ಅಧ್ಯಕ್ಷನೂ ಆದ.

ತಂಗುದಾಣಕ್ಕೆ ಜಾಗ ಬೇಕಾಯಿತು. ಚಲುವರಾಜಣ್ಣ ರಸ್ತೆ ಬದಿಯ ತನ್ನ ಕಬ್ಬಿನ ಗದ್ದೆಯ ಮೂಲೆಯನ್ನು ಬಿಟ್ಟುಕೊಟ್ಟ. ನಮ್ಮ ಕಡೆ ಬಸ್ ತಂಗುದಾಣವೆಂದರೆ ಯಾರಾದರೊಬ್ಬರ ಜ್ಞಾಪಕಾರ್ಥವೇ. ಮದ್ದೂರಿನಿಂದ ಮಳವಳ್ಳಿವರೆಗೆ ಬಸ್ಸಿನಲ್ಲಿ ಕೂತರೆ ಸತ್ತವರ ಹೆಸರುಗಳನ್ನು ಓದಿಕೊಂಡೇ ಹೋಗಬಹುದು. ಜಾಗ ಕೊಟ್ಟವರು ಹೇಳಿದ ಹೆಸರು ಗೋಡೆಯ ಮೇಲೆ ಬರುತ್ತದೆ, ಅದು ರೂಢಿ. ಆ ರೂಢಿಯನ್ನೇ ನಂಬಿ ಅವನು ಜಾಗದ ಪತ್ರಕ್ಕೆ ರುಜು ಹಾಕಿದ. ಹೆಸರಿನ ವಿಷಯ ಪತ್ರದಲ್ಲಿ ಬರೆಸಿಕೋ ಅಣ್ಣ ಎಂದು ನಾನು ಹೇಳಿದ್ದೆ. "ನಾನೇ ತುತ್ತಿಟ್ಟು ಸಾಕ್ದೋನ್ ಕೈಲಿ ಬರುಸ್ಕಳದಾ? ಸುಮ್ಕಿರಮ್ಮ" ಎಂದು ನನ್ನನ್ನೇ ಗದರಿದ.

ಕಲ್ಲಿನಲ್ಲಿ ಕೆತ್ತಿಸುವ ಮಾತನ್ನು ನನ್ನಿಂದಲೇ ಬರೆಸಿದ. ನಾನು ವೀರಮಾತೆ, ರಣಕಲಿ ಎಂದೆಲ್ಲ ಸೇರಿಸಲು ಹೋದರೆ ಒಪ್ಪಲಿಲ್ಲ. ಕೊನೆಗೆ, ನಾಯಕ್ ಎಂಬ ಸೈನ್ಯದ ದರ್ಜೆ ಬಿಟ್ಟರೆ ಬೇರೆ ಬಿರುದಿಲ್ಲದೆ, ಉಳಿದದ್ದು ಇಷ್ಟು: "ನಾಯಕ್ ಮಹದೇವು. ದೊಡ್ಡತಾಯಮ್ಮನ ಮಗ. ಗಡಿ ಕಾಯುತ್ತಾ ಹಿಮದಲ್ಲಿ ಮಡಿದವನು. ಇಲ್ಲಿ ಕೂತವರು ಒಂದು ಗಳಿಗೆ ನೆನೆಯಿರಿ." ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಅವನೇ ಹೋಗಿ ಅಪ್ಪಾಜಿಗೆ ಕೊಟ್ಟು ಬಂದ.

ಸನ್ಮಾನ ಮುಗಿಯಿತು. ಎಲ್ಲರೂ ರಸ್ತೆ ದಾಟಿ ತಂಗುದಾಣದ ಮುಂದೆ ನಿಂತೆವು. ಏಳನೆಯವರ ತಲೆಯಿಂದ ತೆಗೆದ ಪೇಟವನ್ನು, ಪೇಪರಿಗೆ ಫೋಟೋ ಬೇಕೆಂದು, ಮತ್ತೆ ಚಲುವರಾಜಣ್ಣನ ತಲೆಗೇ ಇಟ್ಟರು. ದೊಡ್ಡತಾಯಮ್ಮನನ್ನು ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಅವಳಿಗೆ ಎಂಬತ್ತು ದಾಟಿದೆ, ಎರಡು ಕಣ್ಣಿಗೂ ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಣ್ಣಿದ್ದಾಗಲೂ ಓದು ಬಂದವಳಲ್ಲ. ಅಪ್ಪಾಜಿ ಬಟ್ಟೆ ಸರಿಸಿದ.

ನುಣುಪಾದ ಕರಿ ಕಲ್ಲು, ಚಿನ್ನದ ಬಣ್ಣದ ಅಕ್ಷರ. "ದಿವಂಗತ ಕೆಂಪರಾಜುರವರ ಜ್ಞಾಪಕಾರ್ಥ, ಅವರ ಮಕ್ಕಳಿಂದ." ಅದರ ಕೆಳಗೆ ಅಪ್ಪಾಜಿಯ ಹೆಸರು. ಮಹದೇವು ಎಲ್ಲೂ ಇಲ್ಲ. ಒಂದು ಮೂಲೆಯಲ್ಲಾದರೂ ಇರಬಹುದೇನೋ ಎಂದು ನಾನು ಎರಡು ಸಲ ಹುಡುಕಿದೆ. ಅರ್ಜಿಯನ್ನು ಮೂರು ವರ್ಷ ಕೊಳೆಸಿದ್ದವನ ಹೆಸರನ್ನು ಚಲುವರಾಜಣ್ಣನ ಗದ್ದೆಯಲ್ಲೇ ನೆಟ್ಟಿದ್ದರು.

ಅವನ ಮುಖ ನೋಡಿದೆ. ಪೇಟದ ಕೆಳಗೆ ಅದು ಬಿಳಿಚಿಕೊಂಡಿತ್ತು. ಅವನು ಅಪ್ಪಾಜಿಯನ್ನೇ ನೋಡುತ್ತಿದ್ದ. ಅಪ್ಪಾಜಿ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ಬಟ್ಟೆ ತೆಗುದ್ರಾ?" ದೊಡ್ಡತಾಯಮ್ಮ ಕೇಳಿದಳು. "ಚಲ್ವಾ, ಎಲ್ಲಿದ್ದೀಯ್ಲಾ? ನನ್ ಮಗನ್ ಎಸ್ರು ಓದು, ಕೇಳನ."

ಅವಳು ಕೈ ಚಾಚಿದಳು. ಅವನು ಅವಳನ್ನು ಎಬ್ಬಿಸಿ ಕಲ್ಲಿನ ಹತ್ತಿರ ಕರೆತಂದ. ಅವಳ ಬೆರಳು ಆ ಅಕ್ಷರಗಳ ಮೇಲೆ ಆಡಿದವು. ಅವನು ಎದೆ ಸೆಟೆಸಿ, ಕವಾಯತಿನಲ್ಲಿ ಕೂಗುವ ದನಿಯಲ್ಲಿ, ಕೆಂಪರಾಜುವಿನ ಹೆಸರನ್ನು ದಿಟ್ಟಿಸಿಕೊಂಡೇ ಓದಿದ.

"ನಾಯಕ್ ಮಹದೇವು. ದೊಡ್ಡತಾಯಮ್ಮನ ಮಗ. ಗಡಿ ಕಾಯುತ್ತಾ ಹಿಮದಲ್ಲಿ ಮಡಿದವನು. ಇಲ್ಲಿ ಕೂತವರು ಒಂದು ಗಳಿಗೆ ನೆನೆಯಿರಿ."

ನಾನು ಬರೆದುಕೊಟ್ಟ ಮಾತು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ. ಇನ್ನೂರು ಜನ ಅಲ್ಲಿದ್ದರು. ಬಹುಪಾಲು ಓದು ಬಂದವರು. ಒಬ್ಬರೂ ಬಾಯಿ ಬಿಡಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವನು ಅಪ್ಪಾಜಿ.

"ನನ್ ಎಸ್ರೂ ಬರ್ಸವ್ರಾ?" ಎಂದು ದೊಡ್ಡತಾಯಮ್ಮ ಅತ್ತಳು. ಆಮೇಲೆ ಅಪ್ಪಾಜಿ ಎಲ್ಲಿ ಎಂದು ಕೇಳಿ, ಅವನ ತಲೆ ಸವರಿ, "ನೂರ್ ಕಾಲ ಬಾಳಪ್ಪ. ಮಾತ್ಗೆ ತಪ್ಪದ ಮಗ ನೀನು" ಎಂದಳು. ಆ ಮಹಾರಾಯ ಬಗ್ಗಿ ಅವಳ ಕಾಲಿಗೂ ಬಿದ್ದ.

ಮತ್ತೆ ಶಾಲೆಗೆ ಬಂದು ಮೈಸೂರು ಪಾಕು ಹಂಚುವಾಗ ಚಲುವರಾಜಣ್ಣ ಅಪ್ಪಾಜಿಯನ್ನು ಕಟ್ಟಡದ ಹಿಂದಕ್ಕೆ ಕರೆದ. ನಾನು ಖಾಲಿ ತಟ್ಟೆ ತೊಳೆಯುತ್ತಾ ಅಲ್ಲೇ ನಲ್ಲಿಯ ಹತ್ತಿರ ಇದ್ದೆ.

"ಯಾಕ್ಲಾ ಇಂಗ್ ಮಾಡ್ದೆ?"

"ಕಟ್ಟಕೆ ಕಲ್ಲು, ಗ್ರಾನೈಟು ಎಲ್ಲಾ ಕೆಂಪರಾಜು ಮಕ್ಳು ಕೊಟ್ರು ಮಾವ. ಅವರಪ್ಪನ್ ಎಸ್ರೇ ಬೇಕು ಅಂತ ಪಟ್ಟು ಇಡುದ್ರು. ನಂಗೂ ನಾಳೆ ಅವ್ರು ಬೇಕು."

"ಜಾಗ ನಂದು. ಎಸ್ರು ನೀನು ಒಪ್ಕಂಡಿದ್ದು."

"ಈಗೇನಾಯ್ತು? ನೀನೇ ಓದ್ಬುಟ್ಟೆಯಲ್ಲ. ಅಜ್ಜೀಗೂ ಸಮಾಧಾನ ಆಯ್ತು. ಇನ್ನ್ ಅದುನ್ನ ಎಳೀಬ್ಯಾಡ ಬುಡು ಮಾವ."

ಚಲುವರಾಜಣ್ಣ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು. ಅವನು ತಲೆಯ ಮೇಲಿದ್ದ ಪೇಟವನ್ನು ತೆಗೆದು ಅಪ್ಪಾಜಿಯ ಕೈಗೆ ಕೊಟ್ಟು, "ಮದ್ದೂರ್ಗೆ ವಾಪಸ್ ಕೊಟ್ಬುಡು, ಬಾಡಿಗೇದು" ಎಂದ. ಅಷ್ಟೇ. ಅವತ್ತಿನಿಂದ ಆ ಇಬ್ಬರಿಗೂ ಮಾತಿಲ್ಲ.

ಪಂಚಾಯ್ತಿಗೆ ಹೋಗಿ ಕೇಳಬಹುದಿತ್ತು, ಮಂಡ್ಯಕ್ಕೆ ಹೋಗಿ ದೂರು ಕೊಡಬಹುದಿತ್ತು. ಬಾ ಅಣ್ಣ, ಅರ್ಜಿ ಬರೆಯೋಣ ಎಂದು ನಾನೇ ಎರಡು ಸಲ ಕರೆದೆ. "ಗಲಾಟೆ ಮಾಡುದ್ರೆ ಅವ್ವಂಗೆ ಗೊತ್ತಾಯ್ತದೆ ಕಣಮ್ಮ" ಎಂದ. ಅಪ್ಪಾಜಿಗೂ ಇದು ಗೊತ್ತಿತ್ತು. ಅದಕ್ಕೇ ಅವನು ನೆಮ್ಮದಿಯಾಗಿದ್ದ.

ದೊಡ್ಡತಾಯಮ್ಮ ಈಗ ಪ್ರತಿ ಶುಕ್ರವಾರ ಗೋಡೆ ಹಿಡಿದುಕೊಂಡು ತಂಗುದಾಣಕ್ಕೆ ಬರುತ್ತಾಳೆ. ಚೊಂಬಿನಲ್ಲಿ ನೀರು ತಂದು ಕಲ್ಲು ತೊಳೆದು, ಸೆರಗಿನಿಂದ ಒರೆಸಿ, ಕೆಂಪರಾಜುವಿನ ಹೆಸರಿನ ಮೇಲೆ ಅರಿಶಿನ ಕುಂಕುಮ ಇಟ್ಟು ಹೂ ಸಿಕ್ಕಿಸುತ್ತಾಳೆ. ಬಸ್ಸಿಗೆ ಕಾಯುವವರು ಸರಿದು ಜಾಗ ಬಿಡುತ್ತಾರೆ. ಕೆಂಪರಾಜುವಿನ ಮಕ್ಕಳು ಒಮ್ಮೆ ಕಾರು ನಿಲ್ಲಿಸಿ ನೋಡಿ, ಅಪ್ಪನ ಕಲ್ಲಿಗೆ ಪೂಜೆ ನಡೆಯುತ್ತಿದೆಯಲ್ಲ ಎಂದು ಖುಷಿಪಟ್ಟು ಹೋದರು.

ಈ ವರ್ಷದ ಆಗಸ್ಟ್ ಹದಿನೈದಕ್ಕೂ ಚಲುವರಾಜಣ್ಣನಿಗೆ ಸನ್ಮಾನದ ಕರೆ ಬಂದಿತ್ತು. ಅವನು ಹೋಗಲಿಲ್ಲ. ದೊಡ್ಡತಾಯಮ್ಮನನ್ನು ಕರೆತಂದು ತಂಗುದಾಣದ ಕಟ್ಟೆಯ ಮೇಲೆ ಅವಳ ಪಕ್ಕ ಕೂತಿದ್ದ. ಎದುರಿನ ಶಾಲೆಯ ಮೈಕಿನಲ್ಲಿ ಅಪ್ಪಾಜಿ ಯೋಧರ ತ್ಯಾಗದ ಬಗ್ಗೆ ಭಾಷಣ ಬಿಗಿಯುತ್ತಿದ್ದ. ನಾನು ತಟ್ಟೆಗೆ ಹೂ ಸಾಲದೆಂದು ತರಲು ಹೊರಟವಳು ಅವರ ಮುಂದೆ ನಿಂತೆ.

ದೊಡ್ಡತಾಯಮ್ಮ ಕಲ್ಲು ಸವರುತ್ತಾ ಹೇಳುತ್ತಿದ್ದಳು: "ಚಲ್ವಾ, ನಾನ್ ಸತ್ತಾಗ ನನ್ ಚಟ್ಟ ಇಲ್ಲಿ ಒಂದ್ ಗಳ್ಗೆ ಇಳ್ಸಪ್ಪ. ಮಗನ್ ಎಸ್ರಿನ್ ಮುಂದೆ. ಆಮ್ಯಾಕೆ ಎತ್ಕಂಡೋಗಿ."

ಚಲುವರಾಜಣ್ಣ ಕಣ್ಣೆತ್ತಿ ನನ್ನನ್ನು ನೋಡಿದ. ನಾನು ಹೇಳುತ್ತೇನೇನೋ ಎಂಬ ಭಯ ಆ ಕಣ್ಣಿನಲ್ಲಿತ್ತು.

"ಊಂ ಕಣವ್ವ" ಎಂದ. "ಇಲ್ಲೇ ಇಳುಸ್ತೀನಿ."

ನಾನು ಹೂ ತರಲು ಹೋದೆ.