ಮೈಲೂರಿನ ಮಧ್ಯಾಹ್ನದ ಸಾಲು

ಔರಾದಿನ ನನ್ನ ದೊಡ್ಡಮ್ಮ ಬಿದ್ದು ಬಲಗೈ ಮುರಿದುಕೊಂಡ ಮೇಲೆ ಬೀದರಿನ ಚಿದ್ರಿಯಲ್ಲಿದ್ದ ಮಗನ ಮನೆಗೆ ಬಂದಳು. ಮೂಳೆ ಕೂಡಿತು, ಭುಜ ಮಾತ್ರ ಬಿಗಿದುಕೊಂಡಿತು. ದಿನವೂ ವ್ಯಾಯಾಮ ಮಾಡಿಸದಿದ್ದರೆ ಕೈ ಮೇಲೇಳುವುದಿಲ್ಲವೆಂದು ವೈದ್ಯರು ಹೇಳಿದ್ದರು. ಖಾಸಗಿ ದವಾಖಾನೆಗೆ ಕೊಡಲು ಮಗನಲ್ಲಿ ಹಣವಿತ್ತು. ಕರೆದೊಯ್ಯಲು ಹಗಲಿನಲ್ಲಿ ಯಾರೂ ಇರಲಿಲ್ಲ. ಸೊಸೆಯೂ ಬೆಳಗಿನ ಬಸ್ಸಿಗೆ ಭಾಲ್ಕಿಯ ಕಚೇರಿಗೆ ಹೊರಡುವವಳು.

ಬೀದರಿನದೇ ಮೈಲೂರು ಬಡಾವಣೆಯಲ್ಲಿ ಹಿರಿಯರಿಗಾಗಿ ಹಗಲಿನ ಕೇಂದ್ರವೊಂದಿದೆ. ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಅಲ್ಲಿಗೆ ಪತ್ರಿಕೆ ಓದಿ ಹೇಳಲು ಹೋಗುತ್ತಿದ್ದೆ. ಅಲ್ಲಿ ಮೊದಲು ಊಟ, ಒಂದಿಷ್ಟು ವಿಶ್ರಾಂತಿ, ಅನಂತರ ವ್ಯಾಯಾಮ. ಬಿಟ್ಟಿ ಊಟವಿದ್ದುದರಿಂದಲೇ ಸುತ್ತಲಿನವರು ಅದನ್ನು ಊಟದ ಮನೆ ಎನ್ನುತ್ತಿದ್ದರು.

"ಅಕ್ಕಾ, ನಾ ಪಗಾರ ತಗೋಳಾಂವ. ನಮ್ಮವ್ವ ಅಲ್ಲಿ ತಾಟ ಹಿಡ್ಕೊಂಡು ಕುಂತ್ರ ಮಂದಿ ಏನಂತಾರ?" ಎಂದು ಮಗ ನನ್ನನ್ನು ಕೇಳಿದ.

"ಕೈ ಸಲುವಾಗಿ ಹೋಗ್ತೇನಿ, ಹೊಟ್ಟಿ ಸಲುವಾಗಿ ಅಲ್ಲ. ಬುತ್ತಿ ಕಟ್ರಿ," ಎಂದಳು ದೊಡ್ಡಮ್ಮ.

ಬುತ್ತಿಯ ಷರತ್ತಿನ ಮೇಲೆ ಅವನು ಒಪ್ಪಿದ. ನಾನು ಕರೆದೊಯ್ದೆ. ಆದರೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಲ್ಲಿ ಒಬ್ಬಳೇ ಬೇರೆ ಬುತ್ತಿ ಬಿಚ್ಚುವುದು ಉಳಿದವರನ್ನು ಹಳಿದಂತೆ ಎಂಬುದು ನಮಗಾರಿಗೂ ಹೊಳೆದಿರಲಿಲ್ಲ. ಪಕ್ಕದಲ್ಲಿದ್ದವಳು ಭಾಲ್ಕಿ ಕಡೆಯ ವಿಧವೆ, ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವವಳು.

"ಏನ್ ಸಾವ್ಕಾರ್ತಿ, ಈ ಅನ್ನ ಉಂಡ್ರ ನಿನ್ನ ಬಾಯಿ ಸಣ್ಣದಾಗ್ತದೇನು?"

"ಬಾಯಿ ಅಲ್ಲವ್ವ, ನನ್ನ ಮಗನ ಮೂಗು ಸಣ್ಣದಾಗ್ತದ. ತಗೋ, ಪುಂಡಿಪಲ್ಯ."

ಅಂದಿನಿಂದ ಪಲ್ಯ ಸಾಲಿನುದ್ದಕ್ಕೂ ಹೋಗುತ್ತಿತ್ತು. ಡಬ್ಬಿಯ ಮುಚ್ಚಳಕ್ಕೆ ಕೇಂದ್ರದ ಅನ್ನ ಬರುತ್ತಿತ್ತು. ಒಂದು ಮಧ್ಯಾಹ್ನ ಮಗ ಹೇಳದೆ ಬಂದು ಆ ಅನ್ನವನ್ನು ಕಂಡ.

"ಯವ್ವಾ, ಏಳು. ಮನಿಗಿ ನಡಿ."

ದೊಡ್ಡಮ್ಮ ಏಳಲಿಲ್ಲ. ಭಾಲ್ಕಿಯವಳು ತುತ್ತು ನುಂಗಿ ಹೇಳಿದಳು: "ಸಾಹೇಬ್ರ, ನಿಮ್ಮವ್ವ ಇದ್ದ ಪಲ್ಯ ಎಲ್ಲಾ ನಮಗ ಹಾಕಿ ತಾ ಖಾಲಿ ಡಬ್ಬಿ ಹಿಡ್ಕೊಂಡು ಕುಂಡ್ರತಾಳ. ನೋಡ್ಲಾರ್ದ ನಾವೇ ಅನ್ನ ಹಾಕೀವ್ರಿ. ನಾಳಿಗಿ ದೊಡ್ಡ ಡಬ್ಬಿ ಕಳಸ್ರಿ."

ಸಾಲಿನಲ್ಲಿ ನಗೆ ಹರಡಿತು. ಅವನು ಹೊರಟುಹೋದ. ಮರುದಿನ ದೊಡ್ಡಮ್ಮನ ಕೈಯಲ್ಲಿ ಮೂರು ಅಂತಸ್ತಿನ ಡಬ್ಬಿಯಿತ್ತು.

ಅವಳ ವ್ಯಾಯಾಮ ಮುಂದುವರಿಯಿತು. ಭಾಲ್ಕಿಯವಳಿಗೂ ಮೊಣಕಾಲು ನೋವಿತ್ತು. ಆದರೆ ಊಟವಾದ ಕೂಡಲೇ ಅವಳು ಮುಸುರೆ ತಿಕ್ಕುವ ಮನೆಗಳಿಗೆ ಹೋಗಬೇಕಾಗಿದ್ದುದರಿಂದ ವ್ಯಾಯಾಮಕ್ಕೆ ಒಂದು ದಿನವೂ ನಿಲ್ಲಲಿಲ್ಲ.