ನಕ್ಷೆಯಲ್ಲಿ ಹಳೆಯ ದಾರಿ, ಗುಡ್ಡದ ಮೇಲೆ ಹೊಸ ದೇವರು

ಸಕ್ಕರೆ ಕಾಯಿಲೆ ಬಂದ ಮೇಲೆ ಗಾಂಧಿ ಚೌಕದ ನಾವು ನಾಲ್ವರು ಅಂಗಡಿಕಾರರು ಭಾನುವಾರ ನಡೆಯಲು ಶುರುಮಾಡಿದೆವು. ನಡೆಯುವುದು ನೆಪ, ಬರುವಾಗ ತಿಕೋಟಾದಲ್ಲಿ ಮಿರ್ಚಿ ಭಜಿ ತಿನ್ನುವುದೇ ಮುಖ್ಯ ಕಾರ್ಯಕ್ರಮ. ಪೇಟೆಯಲ್ಲೇ ನಡೆದರೆ ಗಿರಾಕಿಗಳು ಹಿಡಿದು ಮಾತಿಗೆಳೆಯುತ್ತಾರೆಂದು ಬಿಜ್ಜರಗಿ ಕಡೆಯ ಗುಡ್ಡಕ್ಕೆ ಹೋಗುತ್ತಿದ್ದೆವು. ದಾರಿ ತೋರಿಸುವುದು ಮೊಬೈಲಿನ ನಕ್ಷೆ. ನಾವು ಹೆಂಡತಿಯ ಮಾತನ್ನೂ ಅಷ್ಟು ಶ್ರದ್ಧೆಯಿಂದ ಕೇಳಿದವರಲ್ಲ.

ಆ ಗುಡ್ಡದ ಬುಡದಲ್ಲೇ ನನ್ನ ಅಕ್ಕನ ಹೊಲ. ಅವಳ ಆಡುಗಳು ಮೇಯುವುದು ಗುಡ್ಡದ ಹುಲ್ಲನ್ನೇ. ಜನ ತುಳಿದೂ ತುಳಿದೂ ಕಾಲುದಾರಿಯ ಮಣ್ಣು ಮಳೆಗೆ ಕೊಚ್ಚಿಹೋಗಿ ಇಳಿಜಾರು ಬೋಳಾಗಿತ್ತು. ಎರಡು ಮಳೆಗಾಲ ಯಾರೂ ಹತ್ತುವುದು ಬೇಡ, ಹುಲ್ಲು ಚಿಗುರಲಿ ಎಂದು ಊರವರು ದಾರಿಗೆ ಅಡ್ಡ ಜಾಲಿಮುಳ್ಳು ಎಳೆದು ಮೇಲೊಂದು ಕಲ್ಲು ಹೇರಿದ್ದರು. ನಮ್ಮ ಕಡೆ ಅಷ್ಟು ಮಾಡಿದರೆ ಸಾಕು, ದಾರಿ ಮುಚ್ಚಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ನಕ್ಷೆಗೆ ಮಾತ್ರ ತಿಳಿಯಲಿಲ್ಲ.

"ಗಾಳಿಗಿ ಬಂದ್ ಬಿದ್ದೈತ್ರಿ, ಸರಸ್ರಿ," ಎಂದ ಮುಳ್ಳಿನ ಮುಂದೆ ನಿಂತ ಪಾತ್ರೆ ಅಂಗಡಿಯ ಗೆಳೆಯ. ಗಾಳಿ ಕಲ್ಲನ್ನೂ ಹೊತ್ತು ತಂದಿತೇನೋ! ನಾನು ಬೇಡವೆಂದೆ. ಅವನು ಮೊಬೈಲು ನನ್ನ ಮೂಗಿಗೆ ಹಿಡಿದ. "ಇಲ್ಲೆ ದಾರಿ ಐತಲ್ರಿ!"

ನಾವು ಮುಳ್ಳು ಸರಿಸಿ ಗುಡ್ಡ ಹತ್ತಿದ ಸುದ್ದಿ ಕೇಳಿ ಅಕ್ಕ ಕೆಂಡವಾದಳು. "ಮುಳ್ಳಿಗಿ ಹೆದರದವರು ದೇವರಿಗಿ ಹೆದರ್ತಾರ, ನೋಡ್ತಿರು," ಎಂದು ಬಬಲೇಶ್ವರದ ಸಂತೆಯಿಂದ ಕುಂಕುಮ, ಭಂಡಾರದ ಅರಿಶಿನ ತಂದು, ಒಂದು ದುಂಡು ಕಲ್ಲಿಗೆ ಬಳಿದು, ದಾರಿಯ ನಟ್ಟನಡುವೆ ಕೂರಿಸಿದಳು.

ಅಕ್ಕನಿಗೆ ವ್ಯಾಪಾರಿಗಳ ಸ್ವಭಾವ ಗೊತ್ತಿಲ್ಲ. ದೇವರು ಕಂಡರೆ ನಾವು ಓಡಿಹೋಗುವವರಲ್ಲ, ಏನಾದರೂ ಬೇಡಿಕೊಳ್ಳುವವರು. ಮುಂದಿನ ಭಾನುವಾರ ಗೆಳೆಯರು ಬೂಟು ಕಳಚಿ, ಕಾಯಿ ಒಡೆದು, ಫೋಟೊ ತೆಗೆದು ನಕ್ಷೆಗೆ ಏರಿಸಿದರು. ಜಾಗೃತ ದೇವರು, ಇಪ್ಪತ್ನಾಲ್ಕು ತಾಸೂ ತೆರೆದಿರುತ್ತದೆ, ಐದು ನಕ್ಷತ್ರ. ಹರಕೆ ಹೊತ್ತ ಮೇಲೆ ಅಂಗಡಿಯಲ್ಲಿ ಕೂತಿದ್ದ ಹಳೇ ಮಾಲೆಲ್ಲ ಖಾಲಿಯಾಯಿತೆಂದು ಒಬ್ಬ ಬರೆದ. ಬಬಲೇಶ್ವರದಿಂದ ಜೀಪು ಮಾಡಿಕೊಂಡು ಜನ ಬರತೊಡಗಿದರು.

ದಾರಿಯನ್ನೇ ಅಳಿಸಿಬಿಡಿ ಎಂದು ನಕ್ಷೆಯವರಿಗೆ ಬರೆದೆ. ಅಳಿಸಿದರು. ದೇವರ ಗುರುತು ಉಳಿದಿತ್ತಲ್ಲ, ಜನ ಸಿಕ್ಕಸಿಕ್ಕ ಕಡೆಯಿಂದ ಹತ್ತಿದರು. ಒಂದಿದ್ದ ದಾರಿ ನಾಲ್ಕಾಯಿತು. ನನಗೆ ನಕ್ಷೆಯ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆಗ. ಗೆರೆ ಇರಲಪ್ಪ, ಅಳಿಸಬೇಡ. ಬೇರೆ ಬಣ್ಣ ಹಚ್ಚು. ಮುಚ್ಚಿದೆ, ಹುಲ್ಲು ಬೆಳೆಯುತ್ತಿದೆ, ಗುಡ್ಡದ ಕೆಳಗಿನ ಕೆರೆಯ ಕಡೆಯಿಂದ ಹೋಗಿ ಎಂದು ಬರೆ. ಯಾವ ಖಾನಾವಳಿ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆಂದು ಬಲ್ಲ ನಿನಗೆ ಒಂದು ಮುಳ್ಳುಕಂಟಿ ಭಾರವೇ?

ಕಡೆಗೆ ಒಂದು ದಿನ ಅಕ್ಕನೊಂದಿಗೆ ನಾನೇ ಗುಡ್ಡಕ್ಕೆ ಹೋದೆ. ಚಿಗುರಿದ್ದ ಅಷ್ಟಿಷ್ಟು ಹುಲ್ಲೂ ಕಾಯಿಚಿಪ್ಪುಗಳ ನಡುವೆ ಜಜ್ಜಿಹೋಗಿತ್ತು.

"ಯಕ್ಕಾ, ನೀನs ಇಟ್ಟ ಕಲ್ಲಲ್ಲೇನ ಬೇ? ಎತ್ತಿ ಒಗದಬಿಡು."

ಅಕ್ಕ ಬಗ್ಗಿದಳು. ಕಲ್ಲಿನ ಹತ್ತಿರ ಹೋದ ಕೈ ಹಾಗೇ ನಿಂತಿತು.

"ಇಟ್ಟಾಕಿ ನಾನs ಖರೆ. ಆದ್ರ ಇಷ್ಟ ಮಂದಿ ಕೈ ಮುಗದಾರಲ್ಲೋ... ನೀನs ಒಗಿ."

ಅದರಲ್ಲೇನಿದೆ ಮಹಾ ಎಂದು ನಾನು ಮುಂದೆ ಹೋದೆ. ಬಗ್ಗುವ ಮೊದಲು ಚಪ್ಪಲಿ ಕಳಚಿಟ್ಟದ್ದನ್ನು ಅಕ್ಕ ನೋಡಿಬಿಟ್ಟಳು.

ಅವಳು ನಗಲಿಲ್ಲ. "ನಡಿಯೋ ತಮ್ಮಾ," ಎಂದಳು, "ಆಡಿಗಿ ಮೇವು ಎಲ್ಲಿ ಸಿಗತೈತಿ ನೋಡೂನು."